ಪಾದರಸವನ್ನು ಕೇಳಿದವರು

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮಾರ್ಕೆಟ್ ಸ್ಟ್ರೀಟು ವ್ಯಾನ್ ನೆಸ್ ಅವೆನ್ಯೂವನ್ನು ಸಂಧಿಸುವ ಮೂಲೆಯಲ್ಲಿ, ಮುಂದೆ ದಶಕಗಟ್ಟಲೆ ಹೋಂಡಾ ಕಾರುಗಳ ಮಾರಾಟ ನಡೆದ ಕಟ್ಟಡವೊಂದರ ಮೇಲಂತಸ್ತಿನಲ್ಲಿ, 1968ರ ಜುಲೈ ತಿಂಗಳಿಂದ 1971ರ ಜುಲೈ ತಿಂಗಳವರೆಗೆ, ಅಂದರೆ ಬರಿಯ ಮೂರು ವರ್ಷಗಳ ಕಾಲ, ಬಿಲ್ ಗ್ರಹಾಂ ಎಂಬವರು ನಡೆಸುತ್ತಿದ್ದ ಫಿಲ್‌ಮೋರ್ ವೆಸ್ಟ್ ಎಂಬ ಸಂಗೀತ ಸಭಾಂಗಣವಿತ್ತು. ಆ ಕಾಲದಲ್ಲಿ ಇಪ್ಪತ್ತರ ಹರೆಯದವರಾಗಿದ್ದು ಈಗ ತಲೆ ನರೆತಿರುವ ಜನ ಆ ಮೂಲೆಯ ಪ್ರಸ್ತಾಪ ಬಂದೊಡನೆ ಅಲ್ಲಿ ತಾವು ಕೇಳಿದ ಬ್ಯಾಂಡುಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗುತ್ತಾರೆ. ಗ್ರೇಟ್‌ಫುಲ್ ಡೆಡ್, ಜೆಫರ್ಸನ್ ಏರೋಪ್ಲೇನ್, ಸಾಂಟಾನಾ ಎನ್ನುವವರೆಗೆ ಕೇಳುವವರೂ ತಲೆದೂಗುತ್ತಾರೆ. ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ಎಂಬ ಹೆಸರು ಬಂದಾಗ ಮಾತ್ರ ಅದಾವುದೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟವರ ಕಂಠದಲ್ಲಿ ಹಠಾತ್ತನೆ ಬಂದು ಸೇರುವ ಆವೇಶವನ್ನೂ, ತಮಗೆ ಪ್ರಿಯವಾದುದಕ್ಕೆ ಲೋಕದಲ್ಲಿ ನ್ಯಾಯ ದೊರೆಯಲಿಲ್ಲವೆಂಬ ಅಳಲನ್ನೂ ನಾನು ಬಲ್ಲೆ.

ಈ ಬ್ಯಾಂಡು ಕೂಡಿಬಂದದ್ದು 1965ರಲ್ಲಿ. ಗಿಟಾರಿನ ಜಾನ್ ಸಿಪೊಲಿನಾ ಮತ್ತು ಬಾಸ್ ಗಿಟಾರಿನ ಡೇವಿಡ್ ಫ್ರೈಬರ್ಗ್ ಇಬ್ಬರ ಜನ್ಮದಿನವೂ ಆಗಸ್ಟ್ 24. ಎರಡನೆಯ ಗಿಟಾರಿನ ಗ್ಯಾರಿ ಡಂಕನ್ ಮತ್ತು ಡ್ರಮ್ಸಿನ ಗ್ರೆಗ್ ಎಲ್ಮೋರ್ ಇಬ್ಬರ ಜನ್ಮದಿನವೂ ಸೆಪ್ಟೆಂಬರ್ 4. ಪಾಶ್ಚಾತ್ಯರ ಗಣನೆಯಂತೆ ನಾಲ್ವರದೂ ಕನ್ಯಾರಾಶಿ. ಕನ್ಯೆಗೆ ಅಧಿಪತಿ ಬುಧನೆಂಬುದು ನಮ್ಮ ಮನೆಗಳ ಪಂಚಾಂಗ ಬಲ್ಲವರಿಗೂ ತಿಳಿದ ಸಂಗತಿಯೇ. ರೋಮನರ ಪುರಾಣದಲ್ಲಿ ಆ ಬುಧನೇ ದೇವತೆಗಳ ದೂತ, ಪಾದರಸ ಅವನ ಧಾತು. ಹೀಗೆ ಪಾದರಸದ ಹೆಸರೂ ದೂತನ ಕಾಯಕವೂ ಕೂಡಿ ಬ್ಯಾಂಡಿನ ನಾಮಕರಣವಾಯಿತು.

ಅವರಿಗೆ ಕೀರ್ತಿ ದಕ್ಕದೆ ಹೋದುದಕ್ಕೆ ಕಾರಣಗಳನ್ನು ಹುಡುಕಿ ಬಹಳ ದೂರ ಹೋಗಬೇಕಾಗಿಲ್ಲ. ನೆರೆಯ ಬ್ಯಾಂಡುಗಳ ಹಾಡುಗಳು 1967ರ ಬೇಸಗೆಗೆ ಮುಂಚೆಯೇ ರೇಡಿಯೋದಲ್ಲಿ ಕೇಳಿಬರುತ್ತಿದ್ದಾಗ ಇವರು ಇನ್ನೂ ಯಾವ ಕಂಪನಿಯ ಕರಾರಿಗೂ ಸಹಿ ಹಾಕಿರಲಿಲ್ಲ. ಕ್ಯಾಪಿಟಲ್ ಕಂಪನಿಯಿಂದ ಮೊದಲ ಎಲ್‌ಪಿ ಹೊರಬಂದದ್ದು 1968ರ ಮೇ ತಿಂಗಳಲ್ಲಿ. 1967ರ ಜೂನ್ ತಿಂಗಳಲ್ಲಿ ಮಾಂಟೆರೆಯಲ್ಲಿ ನಡೆದ ಸುಪ್ರಸಿದ್ಧ ಸಂಗೀತೋತ್ಸವದಲ್ಲಿ ಇವರು ನುಡಿಸಿದರಾದರೂ ಆ ಉತ್ಸವವನ್ನು ಜಗತ್ತಿಗೆ ತೋರಿಸಿದ ಚಲನಚಿತ್ರದಲ್ಲಿ ಇವರಿಲ್ಲ. 1969ರ ವುಡ್‌ಸ್ಟಾಕ್ ಉತ್ಸವಕ್ಕೆ ಇವರು ಹೋಗಲೇ ಇಲ್ಲ. ಚಿತ್ರದಲ್ಲಿ ಕಾಣಿಸಿಕೊಂಡವರು ಇತಿಹಾಸದಲ್ಲಿ ಸೇರಿದರು, ಕಾಣಿಸದವರು ಕೇಳಿದವರ ನೆನಪಿನ ಆಶ್ರಯದಲ್ಲಿ ಉಳಿದರು. ಇಷ್ಟಾಗಿಯೂ ಆ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಮತ್ತು ಅವಲಾನ್ ಎಂಬ ಎರಡು ನೃತ್ಯಶಾಲೆಗಳಿಗೆ ವಾರವಾರವೂ ಹೋಗುತ್ತಿದ್ದವರಲ್ಲಿ ಅನೇಕರು, ವೇದಿಕೆಯ ಮೇಲೆ ಕ್ವಿಕ್‌ಸಿಲ್ವರಿಗೆ ಸಮನಾದವರಿರಲಿಲ್ಲವೆಂದು ಇಂದಿಗೂ ಸಾಧಿಸುತ್ತಾರೆ.

ನನಗೆ ಇಂಥವರ ಪರಿಚಯವಾದದ್ದು ಮಗಳ ಸಂಸಾರ ಗೋಲ್ಡನ್ ಗೇಟ್ ಸೇತುವೆಯ ಆಚೆ ಮರಿನ್ ಕೌಂಟಿಯಲ್ಲಿ ನೆಲೆಸಿದ ಮೇಲೆ. ಉಸ್ತಾದ್ ಅಲಿ ಅಕ್ಬರ್ ಖಾನರು 1967ರಲ್ಲಿ ಬರ್ಕಲಿಯಲ್ಲಿ ಆರಂಭಿಸಿ ಮರುವರ್ಷ ಮರಿನ್ ಕೌಂಟಿಗೆ ತಂದ ಸಂಗೀತ ವಿದ್ಯಾಲಯವೊಂದು ಅಲ್ಲಿದೆಯೆಂಬ ಒಂದೇ ಕಾರಣದಿಂದ ಆ ಪ್ರಾಂತದ ಮೇಲೆ ನನಗೆ ಪೂಜ್ಯಭಾವವಿತ್ತು. ಸಿಪೊಲಿನಾ ಬೆಳೆದ ಮಿಲ್ ವ್ಯಾಲಿಯೂ, ಬ್ಯಾಂಡಿನವರು ಕೂಡಿ ಬಾಳಿದ ಒಲೀಮಾದ ಹೊಲಮನೆಯೂ ಅದೇ ಪ್ರಾಂತದವೆಂಬುದು ತಿಳಿದದ್ದು ಆಮೇಲೆ. ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ ಸರೋದ್ ವಾದನದ ತಟ್ಟೆಗಳನ್ನು ಹುಡುಕುತ್ತಿದ್ದ ನನ್ನನ್ನು ಮಾತಿಗೆ ಎಳೆದವರು ಒಬ್ಬ ವೃದ್ಧ ಬಡಗಿ. ಅವರ ಪತ್ನಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಅವರ ಮನೆಯ ಜಗಲಿಯಲ್ಲಿ ಸೇರುತ್ತಿದ್ದ ಸಮವಯಸ್ಕರ ಗೋಷ್ಠಿಯಲ್ಲಿ ಕ್ರಮೇಣ ನನಗೂ ಒಂದು ಕುರ್ಚಿ ದೊರೆಯಿತು. ಸಂಗೀತದ ಮಾತನ್ನು ಆಡಿದಷ್ಟೂ ಕೇಳುವವನೊಬ್ಬ ಸಿಕ್ಕಿದನೆಂಬ ಸಂತೋಷ ಅವರಿಗೆ, ಆಡಿದಷ್ಟೂ ಸಾಲದೆಂಬ ಆಸೆ ನನಗೆ.

ದಾದಿಯಾಗಿದ್ದ ಆ ತಾಯಿಯ ನೆನಪು ಮೊದಲಾಗುವುದು ಸೇಬಿನ ಹಣ್ಣಿನಿಂದ. ಗೇರಿ ರಸ್ತೆಯ ಹಳೆಯ ಫಿಲ್‌ಮೋರಿನಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಎದುರಾಗುತ್ತಿದ್ದುದು ಪೀಪಾಯಿ ತುಂಬ ಸೇಬುಗಳು. ಬಂದವರೆಲ್ಲರೂ ಹಣ ಕೊಡದೆ ಎತ್ತಿಕೊಳ್ಳಬಹುದಾಗಿತ್ತು. ಕೆಲಸ ಮುಗಿಸಿ ಹಸಿದು ಬರುತ್ತಿದ್ದ ಅವರು ಆ ಹಣ್ಣನ್ನು ಕಚ್ಚುತ್ತಲೇ ನೆಲದ ಮೇಲೆ ಗೋಡೆಗೊರಗಿ ಕುಳಿತುಕೊಳ್ಳುತ್ತಿದ್ದರು. ಎದುರುಗೋಡೆಯ ತುಂಬ ಬೆಳಕಿನ ಆಟ: ಪ್ರೊಜೆಕ್ಟರಿನ ಮೇಲೆ ಎರಡು ಗಾಜಿನ ಬಟ್ಟಲುಗಳನ್ನು ಒಂದರೊಳಗೊಂದಿಟ್ಟು, ನಡುವೆ ಎಣ್ಣೆಯನ್ನೂ ಬಣ್ಣದ ನೀರನ್ನೂ ಹೊಯ್ದು, ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಮೇಲಿನ ಬಟ್ಟಲನ್ನು ಒತ್ತಿ ಅಲುಗಿಸುವವರಿದ್ದರು, ಹಾಗೆ ಒತ್ತಿದಾಗಲೆಲ್ಲ ಗೋಡೆಯಗಲದ ಕೆಂಪು ನೀಲಿ ಗುಳ್ಳೆಗಳು ಹಿಗ್ಗಿ, ಒಡೆದು, ಮತ್ತೆ ಕೂಡುತ್ತಿದ್ದವು. ಆ ಬಟ್ಟಲು ಹಿಡಿದವರ ಕಡೆಗೆ ಯಾರೂ ನೋಡುತ್ತಿರಲಿಲ್ಲವೆಂದೂ, ತಾನು ಮಾತ್ರ ಸಂಜೆಯೆಲ್ಲ ಅವರ ಕೈಗಳನ್ನೇ ನೋಡುತ್ತಿದ್ದೆನೆಂದೂ ಅವರು ಹೇಳಿದರು. ಮನೆಗೆ ಹೊರಡುವಾಗ ಮುಂದಿನ ವಾರದ ಭಿತ್ತಿಪತ್ರವನ್ನು ಪುಕ್ಕಟೆಯಾಗಿ ಕೈಗೆ ಕೊಡುತ್ತಿದ್ದುದೂ ಉಂಟು. ಇಂದು ಹರಾಜಿನಲ್ಲಿ ಅಪಾರ ಬೆಲೆಗೆ ಹೋಗುವ ಆ ಕಾಗದಗಳನ್ನು ಅವರು ಅಡುಗೆಮನೆಯ ಕಪಾಟಿಗೆ ಹಾಸಿದ್ದರಂತೆ. ಅದಕ್ಕಾಗಿ ಅವರಿಗೆ ಕಿಂಚಿತ್ತೂ ವ್ಯಥೆಯಿಲ್ಲ; ಹಾಸಿದ ಕಾಗದದಲ್ಲಿ ಕ್ವಿಕ್‌ಸಿಲ್ವರಿನ ಹೆಸರಿದ್ದಷ್ಟು ಕಾಲ ದಿನವೂ ಅದನ್ನು ಓದುವಂತಾಯಿತೆಂಬ ಸಮಾಧಾನವಿದೆ.

ಬಡಗಿಯವರ ನೆನಪಿನ ರೀತಿ ಬೇರೆ. ಮರವನ್ನೂ ಮೊಳೆಯನ್ನೂ ನೋಡಿ ಪಳಗಿದ ಅವರ ಕಣ್ಣು ವೇದಿಕೆಯ ಮೇಲೂ ಕಟ್ಟೋಣವನ್ನೇ ಹುಡುಕಿತು. ಸಿಪೊಲಿನಾನ ಹಿಂದೆ ಆಳೆತ್ತರಕ್ಕೆ ಪೇರಿಸಿಟ್ಟ ಆಂಪ್ಲಿಫೈಯರುಗಳ ರಾಶಿಯನ್ನು ಅವರು ಇಂದಿಗೂ ಸೀಸದಕಡ್ಡಿಯಿಂದ ಗೆರೆಯೆಳೆದು ತೋರಿಸಬಲ್ಲರು. ತುತ್ತತುದಿಯಲ್ಲಿ ವುರ್ಲಿಟ್ಜರ್ ಕಂಪನಿಯ ಆರು ಕಹಳೆಗಳು, ಸಾಲಾಗಿ, ಬಾಯ್ದೆರೆದು ಸಭೆಯತ್ತ ಮುಖಮಾಡಿ ನಿಂತವು. ಕೆಳಗೆ ಎರಡು ಜಾತಿಯ ಆಂಪ್ಲಿಫೈಯರುಗಳು. ಮಂದ್ರಕ್ಕೆ ಟ್ರಾನ್ಸಿಸ್ಟರಿನವು, ತಟ್ಟಿದೊಡನೆ ಖಚಿತವಾಗಿ ನುಡಿಯತಕ್ಕವು. ತಾರಕ್ಕೆ ವಾಲ್ವಿನವು, ಕಾಯಿಸಿದಷ್ಟೂ ಸ್ವರದ ಅಂಚು ಒರಟಾಗತಕ್ಕವು. ಒಂದೇ ಗಿಟಾರಿನ ನಾದವನ್ನು ಹೀಗೆ ಎರಡಾಗಿ ಸೀಳಿ ಎರಡು ದಾರಿಯಲ್ಲಿ ಕಳಿಸಿ ಮತ್ತೆ ಗಾಳಿಯಲ್ಲಿ ಕೂಡಿಸುವ ಈ ಏರ್ಪಾಟು ಆತನದೇ ಕಲ್ಪನೆ. ಆತನ ತಾಯಿ ಪಿಯಾನೋ ವಿದುಷಿ. ಚಿಕ್ಕಂದಿನಲ್ಲಿ ಆತನೂ ಪಿಯಾನೋ ಅಭ್ಯಾಸ ಮಾಡಿದವನು. ಬಹುಮಂದಿ ರಾಕ್ ಗಿಟಾರಿಗರು ಒಂದೇ ಬಿಲ್ಲೆಯನ್ನು ಬೆರಳುಗಳ ನಡುವೆ ಹಿಡಿದು ಮೀಟುವಾಗ ಆತ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ಬೇರೆ ಬೇರೆ ನಖಿಗಳನ್ನು ತೊಟ್ಟು ಮೀಟುತ್ತಿದ್ದ. ಮೀಟಿದ ಕೈಯೇ ಮರುಕ್ಷಣ ಗಿಟಾರಿನ ಮೇಲಿನ ಟ್ರೆಮೊಲೊ ಸರಳಿನ ಮೇಲಿರುತ್ತಿತ್ತು. ಆದ್ದರಿಂದ ಆತನ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ, ಹುಟ್ಟಿದ ಗಳಿಗೆಯಿಂದಲೂ ನಡುಗುತ್ತದೆ; ನಮ್ಮ ವೈಣಿಕರ ಕಂಪಿತ ಗಮಕವನ್ನು ಕೇಳಿ ಬೆಳೆದ ಕಿವಿಗೆ ಅದು ಮೊದಲ ಶ್ರವಣದಲ್ಲೇ ಪರಿಚಿತವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಬಡಗಿಯವರು ಆ ಕಹಳೆಗಳ ನೇರಕ್ಕೆ ನಿಂತಿದ್ದರು. ಸಂಗೀತವನ್ನು ತಾನು ಕಿವಿಯಿಂದಲ್ಲ, ಎದೆಯ ಮೂಳೆಯಿಂದ ಕೇಳಿದೆನೆಂದು ಹೇಳುವಾಗ ಅವರು ಬೆರಳನ್ನಿಟ್ಟು ತೋರಿದ್ದು ಕೊರಳ ಕುಳಿಗಿಂತ ಎರಡಂಗುಲ ಕೆಳಗೆ.

ಗಂಡಹೆಂಡಿರಲ್ಲಿ ತೀರದ ಒಂದು ವಿವಾದವಿದೆ. ಅವರಿಬ್ಬರೂ ಒಟ್ಟಿಗೆ ಕೇಳಿದ ಒಂದು ಇರುಳು, ಗಾಯಕ ಬೋ ಡಿಡ್ಲಿಯ ಹಾಡೊಂದನ್ನು ಹಿಡಿದು ಕ್ವಿಕ್‌ಸಿಲ್ವರಿನವರು ಎಷ್ಟು ಹೊತ್ತು ನುಡಿಸಿದರು? ಒಂದು ಗಂಟೆಗೆ ಕಡಮೆಯಿಲ್ಲವೆಂದು ಅವರು. ಅರ್ಧ ಗಂಟೆಯೂ ಆಗಿರಲಾರದೆಂದು ಇವರು. ಮುಗಿದ ಮೇಲೆ ಹೊರಗೆ ಮಳೆ ಬರುತ್ತಿತ್ತೆಂದು ಒಬ್ಬರು, ಆಕಾಶ ಶುಭ್ರವಾಗಿತ್ತೆಂದು ಇನ್ನೊಬ್ಬರು. ಇಂಥ ಭಿನ್ನಮತಗಳನ್ನು ಹಿಡಿದು ರಸಿಕರ ಸ್ಮೃತಿಯನ್ನು ಅಪ್ರಮಾಣವೆಂದು ತಳ್ಳಿಹಾಕುವ ವಿದ್ವಾಂಸರಿದ್ದಾರೆ. ನನಗೆ ಅವರ ಮಾತು ಒಪ್ಪಿಗೆಯಿಲ್ಲ. ಗಡಿಯಾರದ ವಿಷಯದಲ್ಲಿ ಒಡೆಯುವ ಈ ಇಬ್ಬರೂ, ಹಾಡಿನ ನಡುವೆ ಡಂಕನ್ ನುಡಿಸುತ್ತಾ ನುಡಿಸುತ್ತಾ ಹಿಂದೆ ಸರಿದು ಬರಿಯ ತಾಳವನ್ನು ಮೀಟತೊಡಗಿದ್ದು, ಆ ಬಿಡುವಿನಲ್ಲಿ ಸಿಪೊಲಿನಾ ಕೂಡಲೇ ಒಳಬರದೆ ಸಭೆಯೆಲ್ಲ ಉಸಿರು ಹಿಡಿಯುವಷ್ಟು ಹೊತ್ತು ಕಾದದ್ದು, ಅನಂತರ ಒಂದೇ ಒಂದು ಸ್ವರದಿಂದ ಪ್ರವೇಶಿಸಿದ್ದು, ಇವನ್ನು ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ಣಗೊಳಿಸುತ್ತಾ ಹೇಳುತ್ತಾರೆ. ಮರೆತದ್ದು ಮಳೆಯನ್ನು, ಮರೆಯದೆ ಉಳಿಸಿಕೊಂಡದ್ದು ಸಂಗೀತವನ್ನು. ರಸಿಕನ ಸ್ಮೃತಿ ಕೆಲಸ ಮಾಡತಕ್ಕ ಕ್ರಮವೇ ಹೀಗೆಂದು ನನ್ನ ನಂಬಿಕೆ.

ನಾನು ಪುತ್ತೂರಿನ ಕಡೆಯವನು. ಮಳೆಗಾಲದ ಇರುಳುಗಳಲ್ಲಿ ತಾಳಮದ್ದಳೆ ಕೇಳುತ್ತಾ ಬೆಳೆದವನು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ ಅರ್ಥಧಾರಿ ಅದೇ ಪದ್ಯವನ್ನು ಆಧಾರವಾಗಿಟ್ಟುಕೊಂಡು ತನ್ನ ಮಾತನ್ನು ಅಲ್ಲಿಯೇ, ಆ ಗಳಿಗೆಯಲ್ಲಿಯೇ ಕಟ್ಟುತ್ತಾನೆ, ಎದುರು ಕುಳಿತ ಅರ್ಥಧಾರಿ ಅದನ್ನು ಹಿಡಿದು, ತಿರುವಿ, ಹಿಂದಿರುಗಿಸುತ್ತಾನೆ. ಪದ್ಯ ಎಲ್ಲರ ಬಾಯಲ್ಲಿರುವಂಥದು, ಪುಸ್ತಕದಲ್ಲಿ ಅಚ್ಚಾದಂಥದು. ಅರ್ಥ ಮಾತ್ರ ಆ ಇರುಳಿನದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ನಮ್ಮೂರಿನಲ್ಲಿ, ಅಂದು ರಾಮನಿಗೆ ಅವರು ಹಾಕಿದ ಪ್ರಶ್ನೆಗಳನ್ನು ದಶಕಗಳ ಮೇಲೂ ಸ್ವರಭಾರದ ಸಮೇತ ಒಪ್ಪಿಸುತ್ತಿದ್ದರು. ಒಬ್ಬರು ಒಪ್ಪಿಸಿದ್ದಕ್ಕೂ ಇನ್ನೊಬ್ಬರು ಒಪ್ಪಿಸಿದ್ದಕ್ಕೂ ಅಷ್ಟಿಷ್ಟು ವ್ಯತ್ಯಾಸವಿದ್ದೀತು, ವಾದದ ಮೊನೆ ಮಾತ್ರ ಒಂದೇ. ಮರಿನ್ ಕೌಂಟಿಯ ಆ ಜಗಲಿಯಲ್ಲಿ ಕುಳಿತು ಕೇಳುವಾಗ ನನಗೆ ಕ್ವಿಕ್‌ಸಿಲ್ವರಿನ ಕಲೆಯ ಬಗೆ ತಿಳಿದದ್ದು ಈ ದಾರಿಯಿಂದ. 1956ರಲ್ಲಿ ಬೋ ಡಿಡ್ಲಿ ಮುದ್ರಿಸಿದ ಆ ಪುಟ್ಟ ಹಾಡು ಇವರ ಪಾಲಿಗೆ ಪ್ರಸಂಗದ ಪದ್ಯ. ಹಾಡಿ ಮುಗಿಸಿದ ಮೇಲೆ ಎರಡು ಗಿಟಾರುಗಳು ಹೇಳುತ್ತಿದ್ದುದು ಅರ್ಥ. ಡಂಕನ್ನನದು ಬಿಗಿಯಾದ, ತಾಳವನ್ನು ಬಿಡದ, ಮುಂದಕ್ಕೆ ನುಗ್ಗುವ ವಾದ. ಸಿಪೊಲಿನಾನದು ಸುತ್ತಿ ಬಳಸಿ, ನಿಂತು, ನಡುಗಿ, ಎದುರಾಳಿ ನಿರೀಕ್ಷಿಸದ ಬಾಗಿಲಿನಿಂದ ಒಳಬರುವ ವಾದ. ಫ್ರೈಬರ್ಗನ ಬಾಸ್ ಗಿಟಾರೂ ಎಲ್ಮೋರನ ಡ್ರಮ್ಸೂ ಹಿಮ್ಮೇಳ. ಇಂಥ ಕಲೆಯನ್ನು ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ, ಎದುರಿಗೆ ಸಭೆಯಿಲ್ಲದೆ ಮುದ್ರಿಸಿದರೆ ಮೊದಲ ಎಲ್‌ಪಿಯಲ್ಲಿ ಆದಂತೆಯೇ ಆಗುತ್ತದೆ: ಎಲ್ಲವೂ ಅಂದವಾಗಿದೆ, ಕಾವು ಮಾತ್ರ ಅರ್ಧದಷ್ಟು.

ಅದೃಷ್ಟವಶಾತ್ ಎರಡನೆಯ ಎಲ್‌ಪಿಯ ಬಹುಭಾಗವನ್ನು 1968ರಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟಿನಲ್ಲೂ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟಿನಲ್ಲೂ ಸಭೆಯ ಎದುರಿನಲ್ಲೇ ಮುದ್ರಿಸಿಕೊಂಡರು. 1969ರ ಮಾರ್ಚ್ ತಿಂಗಳಲ್ಲಿ 'ಹ್ಯಾಪಿ ಟ್ರೇಲ್ಸ್' ಎಂಬ ಹೆಸರಿನಿಂದ ಹೊರಬಂದ ಆ ತಟ್ಟೆಯ ಮೊದಲ ಮಗ್ಗುಲನ್ನು ಪೂರ್ತಿಯಾಗಿ ಬೋ ಡಿಡ್ಲಿಯ ಆ ಒಂದೇ ಹಾಡು, ಇಪ್ಪತ್ತೈದು ನಿಮಿಷ, ಆಕ್ರಮಿಸಿಕೊಂಡಿದೆ. ಹಾಡಿನ ಬೆನ್ನಿಗೆ ಡಂಕನ್ನನ ವಾದನ ಬರುತ್ತದೆ. ಅದು ಏರಬೇಕಾದಷ್ಟು ಏರಿದ ಮೇಲೆ ಕ್ರಮವಾಗಿ ಒಂದೊಂದೇ ವಾದ್ಯ ತಗ್ಗುತ್ತಾ, ತಗ್ಗುತ್ತಾ, ಕೊನೆಗೆ ಗಿಟಾರುಗಳು ಸ್ವರವನ್ನೇ ತೊರೆದು ಬರಿಯ ತಂತಿಯ ಕೆರೆತವೂ ಮಿಡಿತವೂ ಆಗುತ್ತವೆ. ಆಗ ಸಭೆ ಕೇಳಿಬರುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ಚಪ್ಪಾಳೆ. ಅವು ಒಂದನ್ನೊಂದು ಹುಡುಕಿ ತಾಳದಲ್ಲಿ ಕೂಡುತ್ತವೆ. ಯಾರೋ ಸಿಳ್ಳು ಹಾಕುತ್ತಾರೆ, ಯಾರೋ ಕೂಗುತ್ತಾರೆ, ಅದಕ್ಕೆ ಇನ್ನೊಂದು ಮೂಲೆಯಿಂದ ಮರುಕೂಗು. ವಾದಕರು ಅವಸರಪಡುವುದಿಲ್ಲ; ಸಭೆ ನುಡಿಯುವವರೆಗೂ ತಾವು ಕೇಳುವವರಾಗಿ ನಿಲ್ಲುತ್ತಾರೆ. ಅನಂತರ ಆ ಚಪ್ಪಾಳೆಯ ಮೇಲೆಯೇ ಕಾಲೂರಿದಂತೆ ಸಿಪೊಲಿನಾನ ಗಿಟಾರು ಎದ್ದುಬರುತ್ತದೆ, ಅದರ ಹಿಂದೆ ಫ್ರೈಬರ್ಗನ ಬಾಸು, ಕಡೆಗೆ ಮತ್ತೆ ಹಾಡು. ರಾಕ್ ಸಂಗೀತದಲ್ಲಿ ಸಭೆಯ ಮುಂದೆ ಮುದ್ರಿಸಿದ ತಟ್ಟೆಗಳು ನೂರಾರಿವೆ. ಅವುಗಳಲ್ಲಿ ಸಾಮಾನ್ಯವಾಗಿ ಸಭೆಯ ದನಿ ಹಾಡಿನ ಕೊನೆಯಲ್ಲಿ ಬರುವ ಶ್ಲಾಘನೆ ಮಾತ್ರ. ಶ್ರೋತೃಗಳಿಗೆ ಕೃತಿಯ ನಡುಮಧ್ಯದಲ್ಲಿ ಇಷ್ಟು ವಿಶಾಲವಾದ ಎಡೆಯನ್ನು ಬಿಟ್ಟುಕೊಟ್ಟ ಇನ್ನೊಂದು ತಟ್ಟೆಯನ್ನು ನಾನು ಕೇಳಿಲ್ಲ. ಗೋಷ್ಠಿಯ ಹಿರಿಯರೊಬ್ಬರು ಆ ಭಾಗ ಬಂದಾಗಲೆಲ್ಲ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಾರೆ. ಆ ಚಪ್ಪಾಳೆಗಳಲ್ಲಿ ತಮ್ಮದೂ ಒಂದಿರಬಹುದೆಂಬುದು ಅವರ ಆಸೆ. ಇರಲಿ ಎಂದು ನಾನೂ ಮನಸಾರೆ ಬಯಸುತ್ತೇನೆ.

ಸೈಕಡೆಲಿಕ್ ಎಂಬ ವಿಶೇಷಣವೊಂದು ಈ ಸಂಗೀತಕ್ಕೆ ಅಂಟಿಕೊಂಡಿದೆ. ಅದನ್ನು ಕೇಳಿದೊಡನೆ ಎಲ್‌ಎಸ್‌ಡಿಯ ಮಾತು ಬಾರದೆ ಇರದು. ಕ್ಯಾಲಿಫೋರ್ನಿಯದಲ್ಲಿ ಆ ವಸ್ತುವನ್ನು ಕಾನೂನು ನಿಷೇಧಿಸಿದ್ದು 1966ರ ಅಕ್ಟೋಬರ್ 6ರಂದು. ಅಲ್ಲಿಯವರೆಗೆ ಅದು ಅಪರಾಧವೂ ಆಗಿರಲಿಲ್ಲ. ಅದರಿಂದಲೂ, ಅದರ ಬೆನ್ನಿಗೆ ಬಂದ ಇನ್ನೂ ಘೋರವಾದ ವಸ್ತುಗಳಿಂದಲೂ ಎಷ್ಟೋ ಎಳೆಯ ಬಾಳುಗಳು ಹಾಳಾದುವು, ಮತ್ತು ಈ ಗೋಷ್ಠಿಯವರಿಗೆ ಅಂಥ ಸ್ನೇಹಿತರ ನೆನಪು ಇಂದಿಗೂ ದುಃಖವನ್ನು ತರುತ್ತದೆ. ಆದರೆ ಕ್ವಿಕ್‌ಸಿಲ್ವರನ್ನು ಕೇಳಿದವರ ಪರವಶತೆಯೆಲ್ಲ ಮಾದಕದ ಭ್ರಮೆಯೆಂದು ಹೇಳುವವರ ಮಾತಿಗೆ ಆ ಇಪ್ಪತ್ತೈದು ನಿಮಿಷಗಳೇ ಉತ್ತರ. ನಾಲ್ವರು ಒಬ್ಬರನ್ನೊಬ್ಬರು ಅಷ್ಟು ಎಚ್ಚರದಿಂದ ಕೇಳುತ್ತಾ, ಯಾವ ಸಂಜ್ಞೆಯೂ ಇಲ್ಲದೆ ಒಟ್ಟಿಗೆ ತಗ್ಗಿ ಒಟ್ಟಿಗೆ ಏಳುವುದು ಮತ್ತಿನಿಂದ ಸಾಧ್ಯವಾಗುವ ಕೆಲಸವಲ್ಲ, ವರ್ಷಗಟ್ಟಲೆ ಒಂದೇ ಸೂರಿನಡಿ ನುಡಿಸಿದ ಸಾಧನೆಯ ಫಲ. ದಾದಿಯಾಗಿದ್ದ ಆ ತಾಯಿಯಂತೂ ಆ ಸೇಬಿನ ಹೊರತು ಬೇರೇನನ್ನೂ ಮುಟ್ಟಿದವರಲ್ಲ. ಅವರ ನೆನಪಿನ ಬಣ್ಣ ಅದರಿಂದ ಒಂದು ಛಾಯೆಯೂ ಕಡಮೆಯಾಗಿಲ್ಲ.

'ಹ್ಯಾಪಿ ಟ್ರೇಲ್ಸ್' ಅಂಗಡಿಗಳಿಗೆ ಬಂದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 27ನೆಯ ಸ್ಥಾನಕ್ಕೇರುವ ಹೊತ್ತಿಗೆ ಡಂಕನ್ ಬ್ಯಾಂಡನ್ನು ಬಿಟ್ಟು ಹೋಗಿಯಾಗಿತ್ತು. ತಟ್ಟೆಯನ್ನು ಕೇಳಿ ಮೆಚ್ಚಿ ದೂರದೂರಿನಿಂದ ಬಂದವರಿಗೆ ತಟ್ಟೆಯ ಮೇಲಿನ ಆ ಜೋಡಿ ವೇದಿಕೆಯ ಮೇಲೆ ಕಾಣಸಿಗಲಿಲ್ಲ. 1970ರಲ್ಲಿ ಆತ ಹಿಂದಿರುಗಿದನಾದರೂ ಜೊತೆಯಲ್ಲಿ ಬಂದ ಡೀನೋ ವ್ಯಾಲೆಂಟಿಯ ಹಾಡುಗಳೇ ಮುಂದಾಗಿ, ಗಿಟಾರುಗಳ ಸಂವಾದ ಹಿಂದಾಯಿತು. ಅದೇ ವರ್ಷ ಸಿಪೊಲಿನಾ ಹೊರಟುಹೋದ. ಅನಂತರದ ತಟ್ಟೆಗಳಲ್ಲಿ ಒಳ್ಳೆಯ ಹಾಡುಗಳಿವೆ, ಅವನ್ನು ಪ್ರೀತಿಸುವವರೂ ಇದ್ದಾರೆ. ನನ್ನ ಮನಸ್ಸು ಅಲ್ಲಿಗೆ ಹೋಗುವುದಿಲ್ಲ. ಸಿಪೊಲಿನಾ ಮರಿನ್ ಕೌಂಟಿಯ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಕರೆದವರ ಜೊತೆಗೆಲ್ಲ ನುಡಿಸುತ್ತಾ ಬಾಳಿ, ಬಹುಕಾಲದ ಶ್ವಾಸಕೋಶದ ವ್ಯಾಧಿಯಿಂದ 1989ರ ಮೇ 29ರಂದು ತೀರಿಕೊಂಡ. ಆಗ ವಯಸ್ಸು ನಲವತ್ತೈದು. ಡಂಕನ್ ತೀರಿಕೊಂಡದ್ದು 2019ರ ಜೂನ್ ತಿಂಗಳಲ್ಲಿ. ಆರು ಕಹಳೆಗಳ ಆ ಆಂಪ್ಲಿಫೈಯರ್ ರಾಶಿಯನ್ನು ಕ್ಲೀವ್‌ಲ್ಯಾಂಡಿನ ರಾಕ್ ಅಂಡ್ ರೋಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಟ್ಟರು. ಕ್ವಿಕ್‌ಸಿಲ್ವರ್ ಬ್ಯಾಂಡನ್ನೇ ಆ ಸಂಸ್ಥೆಯ ಗೌರವಪಟ್ಟಿಗೆ ಸೇರಿಸಲಿಲ್ಲವೆಂಬ ನೋವು ಗೋಷ್ಠಿಯವರಿಗೆಲ್ಲ ಇದೆ. ನನಗೂ ಇದೆ.

ಈಚಿನ ದಶಕಗಳಲ್ಲಿ, ಆ ಕಾಲದ ಇರುಳುಗಳಲ್ಲಿ ಮುದ್ರಿಸಿಟ್ಟಿದ್ದ ಹಳೆಯ ಟೇಪುಗಳು ಒಂದೊಂದಾಗಿ ಸಿ.ಡಿ.ಗಳಾಗಿ ಹೊರಬಂದಿವೆ. ಅಂಥದೊಂದನ್ನು ಬಡಗಿಯವರು ತರಿಸಿದಾಗ ಗೋಷ್ಠಿಯೆಲ್ಲ ಸೇರಿ ಕೇಳಿದೆವು. ಮುದ್ರಣ ಮಸುಕು, ಹಾಡುವ ಕಂಠ ದೂರ, ಒಂದೆಡೆ ಟೇಪೇ ತುಂಡಾಗಿದೆ. 'ಮೋನಾ' ಎಂಬ ಹಾಡು ತಮ್ಮ ನೆನಪಿನಲ್ಲಿದ್ದುದಕ್ಕಿಂತ ಚುರುಕಾಗಿದೆಯೆಂದು ಅವರು ಹೇಳಿದರು, ಸ್ವಲ್ಪ ಹೊತ್ತು ಬಿಟ್ಟು, ಚುರುಕಾಗಿರುವುದೇ ಸರಿಯೆಂದೂ ಹೇಳಿದರು. ಅವರ ಪತ್ನಿಗೆ ಮಾತ್ರ ಅಷ್ಟು ವರ್ಷ ಮರೆತುಹೋಗಿದ್ದ ಒಂದು ಸಂಗತಿ ಆ ಟೇಪಿನಿಂದ ಹಿಂದಿರುಗಿತು: ಎರಡು ಹಾಡುಗಳ ನಡುವೆ ವಾದಕರು ಗಿಟಾರುಗಳನ್ನು ಶ್ರುತಿ ಮಾಡಿಕೊಳ್ಳುತ್ತಿದ್ದ ದೀರ್ಘವಾದ ಹೊತ್ತು, ಆ ಹೊತ್ತಿನಲ್ಲಿ ಯಾರೂ ಗಲಾಟೆ ಮಾಡದೆ ಕಾಯುತ್ತಿದ್ದುದು. ಸ್ಮೃತಿ ಕೊಟ್ಟದ್ದನ್ನು ಟೇಪು ಕೊಡುವುದಿಲ್ಲ, ಟೇಪು ಕೊಟ್ಟದ್ದನ್ನು ಸ್ಮೃತಿ ಕೆಲವೊಮ್ಮೆ ಬಿಟ್ಟಿರುತ್ತದೆ. ಎಂಬತ್ತರ ಅಂಚಿನಲ್ಲಿರುವ ಈ ಜನರ ಎದುರಿಗೆ ಕುಳಿತು ಅವರ ಮಾತನ್ನು ಟೇಪುಗಳಷ್ಟೇ ಶ್ರದ್ಧೆಯಿಂದ ಯಾರಾದರೂ ಬರೆದಿಟ್ಟುಕೊಳ್ಳಬೇಕೆಂದು ನನಗೆ ತೋರಿ, ಅವರ ಅನುಮತಿ ಪಡೆದು ನಾನೇ ಒಂದು ಪುಸ್ತಕದಲ್ಲಿ ಬರೆಯತೊಡಗಿದೆ. ಈ ಪ್ರಬಂಧದಲ್ಲಿ ಅವರ ಮಾತುಗಳಾಗಿ ಬಂದಿರುವುವೆಲ್ಲ ಅದರಿಂದಲೇ ಎತ್ತಿದವು.

ಇದನ್ನು ಓದಿ ಕ್ವಿಕ್‌ಸಿಲ್ವರನ್ನು ಕೇಳಬೇಕೆಂಬ ಇಚ್ಛೆ ಯಾರಿಗಾದರೂ ಹುಟ್ಟಿದರೆ ಒಂದು ಸೂಚನೆ. 'ಹ್ಯಾಪಿ ಟ್ರೇಲ್ಸಿ'ನ ಮೊದಲ ಮಗ್ಗುಲಿನಿಂದಲೇ ತೊಡಗಬೇಕು, ಆ ಇಪ್ಪತ್ತೈದು ನಿಮಿಷಗಳನ್ನು ತುಂಡರಿಸಬಾರದು. ಎರಡನೆಯ ಮಗ್ಗುಲಿನಲ್ಲಿ 'ಮೋನಾ' ಮುಗಿದು ಅದರೊಡನೆ ಬೆಸೆದ ಗಿಟಾರ್ ಭಾಗವೂ ಮುಗಿದ ಮೇಲೆ ಬರುವ 'ಕ್ಯಾಲ್ವರಿ' ಎಂಬ ದೀರ್ಘ ರಚನೆ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ಗಂಭೀರವೂ ಉಗ್ರವೂ ಆದ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡರೆ ಲೇಸು. ಮತ್ತು ಸಾಧ್ಯವಾದರೆ ಕಿವಿಗೆ ತುರುಕುವ ಉಪಕರಣಗಳನ್ನು ಬಿಟ್ಟು, ಒಳ್ಳೆಯ ಸ್ಪೀಕರುಗಳಲ್ಲಿ, ನೆರೆಯವರಿಗೆ ಮೊದಲೇ ಹೇಳಿ, ಬಡಗಿಯವರು ಬೆರಳಿಟ್ಟು ತೋರಿದ ಆ ಮೂಳೆಗೆ ತಾಗುವಷ್ಟು ಗಟ್ಟಿಯಾಗಿ ಕೇಳಬೇಕು.